"ಇವನಿಗೇನು ಗೊತ್ತಾಗುತ್ತೆ?": ಬೌದ್ಧಿಕ ಅಸಮರ್ಥತೆ ಇರುವ ವಯಸ್ಕರ ಬದುಕಿನ ಯೋಜನೆ ಯಾರು ಮಾಡಬೇಕು?

ಮನೆಗೆ ನೆಂಟರು ಬಂದಿದ್ದಾರೆ. ಮೂವತ್ತೈದು ವರ್ಷದ ಮಗ ಅವರ ಎದುರಿಗೇ ಕೂತಿದ್ದಾನೆ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಬಂದವರು ತಾಯಿಯ ಕಡೆ ತಿರುಗಿ ಕೇಳುತ್ತಾರೆ: "ಇವನು ಕಾಫಿ ಕುಡಿತಾನಾ?"

ಕೇಳಿದವರದ್ದು ಕೆಟ್ಟ ಉದ್ದೇಶವೇನಲ್ಲ. ಆದರೆ ಆ ಪ್ರಶ್ನೆಯನ್ನು ಅವನನ್ನೇ ಕೇಳಬಹುದಿತ್ತು. ಕಾಫಿಯ ವಿಷಯದಲ್ಲಿ ಶುರುವಾಗುವ ಈ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಅವನು ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು, ಹಗಲೆಲ್ಲ ಏನು ಮಾಡಬೇಕು, ಯಾವ ಮಾತ್ರೆ ನುಂಗಬೇಕು ಎಂಬುದನ್ನೂ ಅವನ ತಲೆಯ ಮೇಲಿಂದಲೇ ಮಾತಾಡಿ ಮುಗಿಸುತ್ತೇವೆ. ಇದಕ್ಕೆ ಉತ್ತರವಾಗಿ ಅಮೆರಿಕ, ಕೆನಡಾ ಮತ್ತು ಇಂಗ್ಲೆಂಡಿನಲ್ಲಿ ಕಳೆದ ನಲವತ್ತು ವರ್ಷಗಳಲ್ಲಿ ರೂಪುಗೊಂಡ ಒಂದು ಕ್ರಮಕ್ಕೆ ವ್ಯಕ್ತಿ-ಕೇಂದ್ರಿತ ಯೋಜನೆ ಎಂದು ಹೆಸರು. ಇದು ಏನು, ನಿಜವಾಗಿ ಕೆಲಸ ಮಾಡುತ್ತದೆಯೇ, ನಮ್ಮ ಮನೆಗಳಿಗೆ ಇದರಿಂದ ಏನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ

"ವಯಸ್ಸು ಮೂವತ್ತೈದಾದರೂ ಬುದ್ಧಿ ಮಾತ್ರ ಐದು ವರ್ಷದ ಮಗುವಿನದ್ದು." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೆಲವು ವೈದ್ಯಕೀಯ ವರದಿಗಳಲ್ಲೂ ಇದು ಕಾಣಿಸುತ್ತದೆ.

ಇದರ ಮೂಲ ಫ್ರಾನ್ಸಿನಲ್ಲಿದೆ. ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಒಂದು ಪರೀಕ್ಷೆ ತಯಾರಿಸಿದರು. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಸಾಮಾನ್ಯವಾಗಿ ಐದು ವರ್ಷದ ಮಕ್ಕಳು ಬಿಡಿಸುವ ಪ್ರಶ್ನೆಗಳು ಇವು, ಆರು ವರ್ಷದವರು ಬಿಡಿಸುವುದು ಇವು, ಹೀಗೆ. "ಮಾನಸಿಕ ವಯಸ್ಸು" ಹುಟ್ಟಿದ್ದು ಇಲ್ಲಿಂದ. ಅಂದರೆ ಮಾನಸಿಕ ವಯಸ್ಸು ಐದು ಎಂದಾಗ ಅದರ ಅರ್ಥ ಇಷ್ಟೇ: ಆ ದಿನ, ಆ ಪರೀಕ್ಷೆಯಲ್ಲಿ, ಐದು ವರ್ಷದ ಸಾಮಾನ್ಯ ಮಗುವಿನಷ್ಟು ಅಂಕ ಬಂತು.

ಮೂವತ್ತೈದು ವರ್ಷ ಬದುಕಿದವನು ಐದು ವರ್ಷದ ಮಗುವಲ್ಲ. ಅವನು ಅಜ್ಜನ ಸಾವನ್ನು ಕಂಡಿದ್ದಾನೆ, ತಂಗಿಯ ಮದುವೆಯಲ್ಲಿ ಓಡಾಡಿದ್ದಾನೆ, ಜನ ತನ್ನನ್ನು ನೋಡಿ ನಗುವಾಗ ಅವಮಾನ ಉಂಡಿದ್ದಾನೆ. ಅವನ ದೇಹ ವಯಸ್ಕ ದೇಹ, ಆಸೆಗಳೂ ವಯಸ್ಕ ಆಸೆಗಳು. ಇವತ್ತಿನ ವೈದ್ಯಕೀಯ ನಿರ್ಣಯ ಕೂಡ ಬರೀ ಐಕ್ಯೂ ನೆಚ್ಚಿಕೊಂಡಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್ಎಂ-5 ಕೈಪಿಡಿಯು ಅಸಮರ್ಥತೆಯ ತೀವ್ರತೆಯನ್ನು ಐಕ್ಯೂ ಅಂಕದಿಂದ ಅಳೆಯುವುದನ್ನು ಬಿಟ್ಟಿತು. ದಿನನಿತ್ಯದ ಬದುಕನ್ನು ಎಷ್ಟು ನಿಭಾಯಿಸುತ್ತಾರೆ, ಎಷ್ಟು ನೆರವು ಬೇಕು ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಐದು ವರ್ಷದ ಮಗು ಎಂದುಕೊಂಡರೆ ನಾವು ಕೇಳುವುದನ್ನೇ ನಿಲ್ಲಿಸುತ್ತೇವೆ. ಎಷ್ಟು ನೆರವು ಬೇಕು ಎಂದುಕೊಂಡರೆ ಕೇಳಲೇಬೇಕಾಗುತ್ತದೆ.

ದೊಡ್ಡ ಸಂಸ್ಥೆಗಳ ಗೋಡೆಯಾಚೆಗೆ

ಇಪ್ಪತ್ತನೇ ಶತಮಾನದ ಬಹುಭಾಗ ಅಮೆರಿಕದಲ್ಲಿ ಇಂಥ ಮಕ್ಕಳು ಹುಟ್ಟಿದರೆ ದೊಡ್ಡ ಸರ್ಕಾರಿ ಸಂಸ್ಥೆಗೆ ಸೇರಿಸಿ ಎಂಬುದೇ ವೈದ್ಯರ ಸಲಹೆಯಾಗಿತ್ತು. 1967ರ ಹೊತ್ತಿಗೆ ಅಲ್ಲಿನ ರಾಜ್ಯ ಸರ್ಕಾರಗಳ ಸಂಸ್ಥೆಗಳಲ್ಲಿ ಸುಮಾರು 1,95,000 ಜನ ಇದ್ದರು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿದ್ದ ವಿಲೋಬ್ರೂಕ್ ಎಂಬ ಸಂಸ್ಥೆಯನ್ನು ಕಟ್ಟಿದ್ದು 4,000 ಜನರಿಗೆ, ಇದ್ದವರು 6,000. 1972ರಲ್ಲಿ ಹೆರಾಲ್ಡೊ ರಿವೆರಾ ಎಂಬ ಪತ್ರಕರ್ತ ಟಿವಿ ಕ್ಯಾಮೆರಾ ಹಿಡಿದು ಒಳಹೊಕ್ಕಾಗ ಕಂಡದ್ದು ಬಟ್ಟೆಯಿಲ್ಲದೆ, ಕೊಳಕಿನಲ್ಲಿ, ಕತ್ತಲೆ ಕೋಣೆಗಳಲ್ಲಿ ಕೂಡಿಹಾಕಿದ ಮಕ್ಕಳು. ದೇಶ ಬೆಚ್ಚಿತು. ಮೊಕದ್ದಮೆಗಳು ನಡೆದವು. ಕೊನೆಗೆ 1987ರಲ್ಲಿ ಅದು ಮುಚ್ಚಿತು.

ಅದೇ ಕಾಲದಲ್ಲಿ ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲಿ ಒಂದು ಸರಳ ತತ್ವ ಮುಂದಿಟ್ಟಿದ್ದರು: ಇವರಿಗೂ ಉಳಿದವರ ಹಾಗೆ ದಿನಕ್ಕೊಂದು, ವಾರಕ್ಕೊಂದು, ವರ್ಷಕ್ಕೊಂದು ಲಯ ಇರಬೇಕು. ಬೆಳಗ್ಗೆ ಎದ್ದು ಬಟ್ಟೆ ಹಾಕಿಕೊಂಡು ಮನೆಯಿಂದ ಹೊರಗೆ ಹೋಗುವುದು, ಕೆಲಸ ಬೇರೆ, ಬಿಡುವು ಬೇರೆ, ಹಬ್ಬ ಬೇರೆ. ಇದನ್ನು ವೂಲ್ಫ್ ವೂಲ್ಫೆನ್ಸ್‌ಬರ್ಗರ್ ಉತ್ತರ ಅಮೆರಿಕಕ್ಕೆ ತಂದು 1972ರಲ್ಲಿ ಪುಸ್ತಕವಾಗಿಸಿದರು.

ಸಂಸ್ಥೆಗಳಿಂದ ಜನರನ್ನು ಊರೊಳಗಿನ ಮನೆಗಳಿಗೆ ಕರೆತರುವಾಗ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಒಬ್ಬೊಬ್ಬರ ಬಗ್ಗೆಯೂ ದಪ್ಪ ಫೈಲುಗಳಿದ್ದವು. ಅದರಲ್ಲಿ ಏನು ಬರುವುದಿಲ್ಲ, ಏನು ಮುರಿದರು, ಯಾರಿಗೆ ಕಚ್ಚಿದರು ಎಲ್ಲ ಇತ್ತು. ಅವರಿಗೆ ಬೆಳಗ್ಗೆ ಬೇಗ ಏಳುವುದು ಇಷ್ಟವೋ ತಡವಾಗಿ ಏಳುವುದು ಇಷ್ಟವೋ ಎಂಬುದು ಮಾತ್ರ ಇರಲಿಲ್ಲ! ಇವರು ಹೊರಗೆ ಬದುಕಲಾರರು ಎಂದು ಸೇವಾಸಂಸ್ಥೆಗಳು ಕೈಚೆಲ್ಲಿದ್ದ ಜನರಿಗಾಗಿ ಮೇರಿಲ್ಯಾಂಡಿನಲ್ಲಿ ಮೈಕೆಲ್ ಸ್ಮಲ್ ಮತ್ತು ಸೂಸನ್ ಬರ್ಕ್ ಹ್ಯಾರಿಸನ್ 1980ರ ದಶಕದ ಕೊನೆಯಲ್ಲಿ ಹೊಸ ಬಗೆಯ ಯೋಜನಾ ಕ್ರಮ ರೂಪಿಸಿದರು. ಕೆನಡಾದಲ್ಲಿ ಮಾರ್ಷಾ ಫಾರೆಸ್ಟ್, ಜಾಕ್ ಪಿಯರ್‌ಪಾಯಿಂಟ್ ಮತ್ತು ಜೂಡಿತ್ ಸ್ನೋ ಇದೇ ದಾರಿಯಲ್ಲಿದ್ದರು. ಜೂಡಿತ್ ಸ್ನೋ ಸ್ವತಃ ತೀವ್ರ ದೈಹಿಕ ಅಸಮರ್ಥತೆ ಇದ್ದವರು. ಅವರು ನರ್ಸಿಂಗ್ ಹೋಮಿನ ಬದುಕಿನಿಂದ ಹೊರಬಂದದ್ದು ಸುತ್ತ ಕೂಡಿದ ಗೆಳೆಯರ ಬಳಗದ ಬಲದಿಂದ.

ಎರಡು ಪಟ್ಟಿಗಳು

ಸ್ಮಲ್ ಅವರ ಕ್ರಮದ ತಿರುಳು ಎರಡು ಪಟ್ಟಿಗಳಲ್ಲಿದೆ. ಒಂದು, ಈ ವ್ಯಕ್ತಿಯ ಮಟ್ಟಿಗೆ ಏನು ಮುಖ್ಯ. ಎರಡು, ಈ ವ್ಯಕ್ತಿಯ ಒಳಿತಿಗೆ ಏನು ಮುಖ್ಯ. ಮೊದಲನೆಯದನ್ನು ಹೇಳಬೇಕಾದವರು ಅವರೇ, ಮಾತಿನಿಂದಾಗಲಿ, ನಡವಳಿಕೆಯಿಂದಾಗಲಿ. ಎರಡನೆಯದನ್ನು ವೈದ್ಯರು, ಮನೆಯವರು, ಕಾನೂನು ಹೇಳಬಹುದು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ನಲವತ್ತೆರಡು ವರ್ಷದ ಮಹಿಳೆ, ಬೌದ್ಧಿಕ ಅಸಮರ್ಥತೆ ಇದೆ, ಸಕ್ಕರೆ ಕಾಯಿಲೆಯೂ ಇದೆ. ಹಳೆಯ ಬಗೆಯ ಯೋಜನೆಯಲ್ಲಿ ಎರಡನೇ ಪಟ್ಟಿ ಮಾತ್ರ ಇರುತ್ತದೆ: ಸಿಹಿ ಬೇಡ, ದಿನಕ್ಕೆ ಅರ್ಧ ಗಂಟೆ ನಡಿಗೆ, ಮಾತ್ರೆ ತಪ್ಪಬಾರದು. ಅವರನ್ನು ಮನೆಯ ಅಂಗಳದಲ್ಲಿ ಸುತ್ತು ಹೊಡೆಸುತ್ತಾರೆ. ಅವರು ಎರಡನೇ ದಿನಕ್ಕೇ ಮುಷ್ಕರ ಹೂಡುತ್ತಾರೆ. "ಹಟಮಾರಿ" ಎಂದು ಫೈಲಿನಲ್ಲಿ ಬರೆಯುತ್ತಾರೆ.

ಈಗ ಮೊದಲ ಪಟ್ಟಿ ಸೇರಿಸಿ. ಸಂಜೆ ಮೂಲೆಯಂಗಡಿಯಲ್ಲಿ ಚಹಾ ಕುಡಿಯುವುದು ಅವರಿಗೆ ಇಷ್ಟ. ಅಂಗಡಿಯವರು "ಏನಕ್ಕಾ, ಇವತ್ತು ಲೇಟು?" ಎಂದು ಮಾತಾಡಿಸುವುದು ಚಹಾಕ್ಕಿಂತ ಇಷ್ಟ. ಹಾಗಿದ್ದರೆ ನಡಿಗೆ ಅಂಗಡಿಯವರೆಗೆ, ಚಹಾ ಸಕ್ಕರೆಯಿಲ್ಲದ್ದು, ಅಂಗಡಿಯವರಿಗೆ ಮೊದಲೇ ಒಂದು ಮಾತು. ಎರಡೂ ಪಟ್ಟಿಗೆ ನ್ಯಾಯ ಸಿಕ್ಕಿತು.

ಎಲ್ಲ ಸಲ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಫಿಟ್ಸ್ ಇರುವವರು ಒಬ್ಬರೇ ಈಜಲು ಹೋಗಬೇಕೆಂದರೆ ಒಪ್ಪಲಾಗದು. ಅಲ್ಲಿ ಎರಡನೇ ಪಟ್ಟಿಯೇ ಗೆಲ್ಲಬೇಕು. ಆದರೆ ಗೆಳೆಯನ ಮನೆಗೆ ಒಬ್ಬರೇ ಬಸ್ಸಿನಲ್ಲಿ ಹೋಗುವುದು? ದಾರಿ ತಪ್ಪಬಹುದು, ಯಾರಾದರೂ ಮೋಸ ಮಾಡಬಹುದು. ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲೇ ಇದಕ್ಕೆ "ಅಪಾಯ ಎದುರಿಸುವ ಘನತೆ" ಎಂಬ ಅರ್ಥದ ಹೆಸರಿಟ್ಟರು. ನಾವೆಲ್ಲ ಬಿದ್ದು ಎದ್ದೇ ಕಲಿತವರು. ಒಬ್ಬರಿಗೆ ಮಾತ್ರ ಬೀಳುವ ಅವಕಾಶವನ್ನೇ ಕೊಡದಿದ್ದರೆ ಅದೂ ಒಂದು ಬಗೆಯ ಹಾನಿ. ಬಸ್ಸಿನ ವಿಷಯದಲ್ಲಿ ಒಂದು ತಿಂಗಳು ಜೊತೆಗೆ ಹೋಗಿ, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, ಆಮೇಲೆ ನಿಲ್ದಾಣದಲ್ಲಿ ಕಾದು, ಕೊನೆಗೆ ಒಂದು ಫೋನ್ ಕರೆಗೆ ಇಳಿಯಬಹುದು. "ಬೇಡ" ಎನ್ನುವುದಕ್ಕೆ ಅರೆಕ್ಷಣ ಸಾಕು, ಇದಕ್ಕೆ ತಿಂಗಳುಗಳೇ ಬೇಕು. ಯೋಜನೆ ಎಂದು ಕರೆಯುವುದು ಅದಕ್ಕೇ.

ಮಾತೇ ಬಾರದವರನ್ನು ಕೇಳುವುದು ಹೇಗೆ?

ಈ ಕ್ರಮದ ಬಗ್ಗೆ ಬರುವ ಮೊದಲ ಆಕ್ಷೇಪ ಇದೇ, ಮತ್ತು ಇದು ನ್ಯಾಯವಾದ ಆಕ್ಷೇಪ. ಇದಕ್ಕೆ ಸಿಗುವ ಅತ್ಯುತ್ತಮ ಉತ್ತರ ನಾಲ್ಕು ಕಾಲಮ್ಮಿನ ಒಂದು ಹಾಳೆ. ಆಗ ಏನು ನಡೆಯುತ್ತಿತ್ತು, ಅವರು ಏನು ಮಾಡಿದರು, ಅದರ ಅರ್ಥ ಏನಿರಬಹುದು ಎಂದು ನಮಗನಿಸುತ್ತದೆ, ನಾವು ಏನು ಮಾಡಬೇಕು.

ಉದಾಹರಣೆಗೆ: "ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ದೂಡಿ ಕೆನ್ನೆ ಹೊಡೆದುಕೊಳ್ಳುತ್ತಾನೆ, ಹಲ್ಲು ನೋವಿರಬಹುದು, ಬಾಯಿ ನೋಡಿ, ದಂತವೈದ್ಯರಿಗೆ ತೋರಿಸಿ." ಇಂಥ ಹತ್ತು ಸಾಲುಗಳು ಸಾಮಾನ್ಯವಾಗಿ ತಾಯಿಯ ತಲೆಯಲ್ಲಿ ಇರುತ್ತವೆ, ಬೇರೆಲ್ಲೂ ಇರುವುದಿಲ್ಲ. ತಾಯಿ ಆಸ್ಪತ್ರೆ ಸೇರಿದ ದಿನ ಮನೆಗೆ ಬಂದ ಅತ್ತಿಗೆಗೆ ಕಾಣುವುದು ಕೆನ್ನೆ ಹೊಡೆದುಕೊಳ್ಳುವ ಮನುಷ್ಯ ಮಾತ್ರ.

ವೈದ್ಯರೂ ಇಲ್ಲಿ ಎಡವುತ್ತಾರೆ. ನಡವಳಿಕೆಯಲ್ಲಿ ಬದಲಾವಣೆ ಕಂಡರೆ "ಆ ಕಾಯಿಲೆಯವರು ಹಾಗೇ" ಎಂದು ಮುಂದೆ ಹೋಗುವುದು ಎಷ್ಟು ಸಾಮಾನ್ಯವೆಂದರೆ, 1980ರ ದಶಕದಲ್ಲೇ ಸಂಶೋಧಕರು ಅದಕ್ಕೊಂದು ಹೆಸರಿಟ್ಟರು. ಒಂದು ರೋಗನಿರ್ಣಯದ ನೆರಳಿನಲ್ಲಿ ಮತ್ತೊಂದು ಕಾಣದೆ ಹೋಗುವುದು ಎಂದು ಅದರ ಅರ್ಥ. ಹಲ್ಲುನೋವು, ಮಲಬದ್ಧತೆ, ಕಿವಿಯ ಸೋಂಕು, ಥೈರಾಯ್ಡ್ ತೊಂದರೆ ಇವೆಲ್ಲ ಹೀಗೆ ತಪ್ಪಿಹೋಗುವ ಮಾಮೂಲಿ ವಿಷಯಗಳು. ಇದ್ದಕ್ಕಿದ್ದಂತೆ ಸಿಟ್ಟು, ನಿದ್ರೆಗೇಡು, ಊಟ ಬಿಡುವುದು ಕಂಡರೆ ಮನೋವೈದ್ಯರ ಮಾತ್ರೆಗಿಂತ ಮೊದಲು ದೇಹದ ತಪಾಸಣೆ ಆಗಬೇಕು. ಆ ನಾಲ್ಕು ಕಾಲಮ್ಮಿನ ಹಾಳೆ ಕೈಯಲ್ಲಿದ್ದರೆ ವೈದ್ಯರಿಗೂ ಅನುಕೂಲ.

ಇದರ ಜೊತೆಗೆ ಒಂದು ಎಚ್ಚರಿಕೆ. "ಅವರ ಮಾತನ್ನು ಹೊರತರುತ್ತೇವೆ" ಎನ್ನುವ ಎಲ್ಲ ವಿಧಾನಗಳೂ ಒಂದೇ ಅಲ್ಲ. ಚಿತ್ರಗಳ ಫಲಕ, ಸನ್ನೆ, ಟ್ಯಾಬ್ಲೆಟ್ಟಿನ ಧ್ವನಿ ಆ್ಯಪ್ ಇವುಗಳಲ್ಲಿ ವ್ಯಕ್ತಿ ತಾನೇ ಆಯ್ಕೆ ಮಾಡುತ್ತಾನೆ. ಆದರೆ ಇನ್ನೊಬ್ಬರು ಕೈಯನ್ನೋ ಮೊಣಕೈಯನ್ನೋ ಹಿಡಿದುಕೊಂಡು ಅಕ್ಷರಗಳನ್ನು ಒತ್ತಿಸುವ "ಫೆಸಿಲಿಟೇಟೆಡ್ ಕಮ್ಯುನಿಕೇಷನ್" ಬೇರೆಯದೇ ಕಥೆ. 1990ರ ದಶಕದಲ್ಲಿ ಅದು ಅಮೆರಿಕದಲ್ಲಿ ಸಂಚಲನ ಉಂಟುಮಾಡಿತ್ತು. ಪರೀಕ್ಷೆಯಲ್ಲಿ ವ್ಯಕ್ತಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೆ ಚಿತ್ರ ತೋರಿಸಿದಾಗ ಟೈಪಾದದ್ದು ಕೈ ಹಿಡಿದವರು ನೋಡಿದ ಚಿತ್ರದ ಹೆಸರು! ಅವರು ಮೋಸ ಮಾಡುತ್ತಿರಲಿಲ್ಲ, ತಮಗೇ ಅರಿವಿಲ್ಲದೆ ಕೈ ನಡೆಸುತ್ತಿದ್ದರು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ಇದನ್ನು ಬಳಸಬಾರದೆಂದು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗೆ ಬಂದ ಮಾತನ್ನು ನಂಬಿ ಯೋಜನೆ ಮಾಡಿದರೆ ಅದು ಮತ್ತೆ ಬೇರೆಯವರ ಯೋಜನೆಯೇ ಆಗುತ್ತದೆ.

ಇದು ಕೆಲಸ ಮಾಡುತ್ತದೆಯೇ?

ಕೇಳಲು ಚೆನ್ನಾಗಿದೆ ಎಂಬುದು ಪುರಾವೆಯಲ್ಲ. ಇಂಗ್ಲೆಂಡಿನ ಸರ್ಕಾರ 2001ರ ತನ್ನ ನೀತಿಪತ್ರದಲ್ಲಿ ಈ ಕ್ರಮವನ್ನು ಒಪ್ಪಿಕೊಂಡ ಮೇಲೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಜಾನೆಟ್ ರಾಬರ್ಟ್‌ಸನ್, ಎರಿಕ್ ಎಮರ್ಸನ್ ಮತ್ತು ಸಂಗಡಿಗರು ನಾಲ್ಕು ಪ್ರದೇಶಗಳಲ್ಲಿ 93 ಜನರನ್ನು ಹಿಂಬಾಲಿಸಿ 2005ರಲ್ಲಿ ವರದಿ ಕೊಟ್ಟರು. ಯೋಜನೆ ಪಡೆದವರಲ್ಲಿ ಗೆಳೆಯರ ಮತ್ತು ಮನೆಯವರ ಒಡನಾಟ ಹೆಚ್ಚಿತ್ತು, ಊರಿನಲ್ಲಿ ಓಡಾಟ ಹೆಚ್ಚಿತ್ತು, ಆಯ್ಕೆಗಳು ಹೆಚ್ಚಿದ್ದವು. ಸೇವೆಯ ಒಟ್ಟು ಖರ್ಚು ಗಮನಾರ್ಹವಾಗಿ ಏರಲಿಲ್ಲ.

ಆದರೆ ಉದ್ಯೋಗ ಸಿಗಲಿಲ್ಲ. ಅಸಮರ್ಥತೆ ಇಲ್ಲದವರೊಡನೆ ಗೆಳೆತನ ಬೆಳೆಯಲಿಲ್ಲ. ವ್ಯಾಯಾಮದಲ್ಲೂ ಔಷಧಿಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಎಂದರೆ, ಆ 93 ಜನರಲ್ಲಿ ಎಲ್ಲರಿಗೂ ಯೋಜನೆಯೇ ಸಿಗಲಿಲ್ಲ. ಆಟಿಸಂ ಇದ್ದವರು, ಮಾನಸಿಕ ಆರೋಗ್ಯದ ಅಥವಾ ನಡವಳಿಕೆಯ ತೊಂದರೆ ಇದ್ದವರು ಹೆಚ್ಚಾಗಿ ಹೊರಗುಳಿದರು. ಹೆಚ್ಚು ಅಗತ್ಯ ಇದ್ದವರಿಗೇ ಕಡಿಮೆ ಸಿಕ್ಕಿತು ಎಂದಾಯಿತು. ಹೋಲಿಕೆಗೆ ಯೋಜನೆಯಿಲ್ಲದ ಬೇರೆ ಗುಂಪು ಇಲ್ಲದ ಅಧ್ಯಯನ ಇದು ಎಂಬುದನ್ನೂ ನೆನಪಿಡಬೇಕು. 2016ರಲ್ಲಿ ಪ್ರಕಟವಾದ ಇನ್ನೊಂದು ವ್ಯವಸ್ಥಿತ ಪರಿಶೀಲನೆಯೂ ಇರುವ ಅಧ್ಯಯನಗಳ ಗುಣಮಟ್ಟ ಸಾಲದು ಎಂದೇ ಹೇಳಿತು.

ಕೆಂಟ್ ವಿಶ್ವವಿದ್ಯಾಲಯದ ಜಿಮ್ ಮ್ಯಾನ್ಸೆಲ್ ಮತ್ತು ಜೂಲಿ ಬೀಡಲ್-ಬ್ರೌನ್ 2004ರಲ್ಲೇ ಕೆಣಕಿದ್ದರು: ನಮಗೆ ಬೇಕಿರುವುದು ವ್ಯಕ್ತಿ-ಕೇಂದ್ರಿತ ಯೋಜನೆಯೋ, ವ್ಯಕ್ತಿ-ಕೇಂದ್ರಿತ ಕೆಲಸವೋ? ಬಣ್ಣದ ಪೆನ್ನಿನಲ್ಲಿ ಗೋಡೆಗೆ ಬರೆದ ಚಂದದ ಯೋಜನೆ ಬೀರುವಿನಲ್ಲಿ ಮಲಗಿರುತ್ತದೆ, ಪಾಳಿಗೆ ಬಂದ ಸಿಬ್ಬಂದಿ ಹಿಂದಿನ ಹಾಗೆಯೇ ಟಿವಿ ಹಾಕಿ ಕೂರಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಟೀಕೆ ಇಡೀ ವಿಷಯದಲ್ಲೇ ಹೆಚ್ಚು ತೂಕದ್ದು. ಹಣ, ಜನ, ಸಮಯ ಈ ಮೂರೂ ಯೋಜನೆಯ ಹಿಂದೆ ಹೋಗದಿದ್ದರೆ ಕಾಗದ ಕಾಗದವಾಗಿಯೇ ಉಳಿಯುತ್ತದೆ.

ಕಾನೂನು ಎಲ್ಲಿ ನಿಂತಿದೆ?

ಹಣವನ್ನು ಯೋಜನೆಗೆ ಕಟ್ಟಿಹಾಕಿದ ಉದಾಹರಣೆ ಬೇಕೆಂದರೆ ಕ್ಯಾಲಿಫೋರ್ನಿಯಾವನ್ನು ನೋಡಬೇಕು. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ಕೆಲವಕ್ಕಾದರೂ ಇದು ದಿನನಿತ್ಯದ ವಿಷಯ. 1969ರ ಲ್ಯಾಂಟರ್‌ಮನ್ ಕಾಯ್ದೆಯ ಪ್ರಕಾರ ಬೆಳವಣಿಗೆಯ ಅಸಮರ್ಥತೆ ಇರುವವರಿಗೆ ಸೇವೆ ಪಡೆಯುವುದು ಹಕ್ಕು, ದಾನವಲ್ಲ. ರಾಜ್ಯದ 21 ಪ್ರಾದೇಶಿಕ ಕೇಂದ್ರಗಳು ಪ್ರತಿಯೊಬ್ಬರಿಗೂ ಒಂದೊಂದು ಯೋಜನೆ ತಯಾರಿಸುತ್ತವೆ. ಅದರಲ್ಲಿ ಒಪ್ಪಿಕೊಂಡ ಸೇವೆಯನ್ನು ಒದಗಿಸುವುದು ಅವುಗಳ ಹೊಣೆ, ನಿರಾಕರಿಸಿದರೆ ಮೇಲ್ಮನವಿ ಇದೆ. 2014ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ಮನೆ ಮತ್ತು ಸಮುದಾಯದಲ್ಲಿ ನೀಡುವ ಮೆಡಿಕೇಡ್ ಸೇವೆಗಳಿಗೆ ವ್ಯಕ್ತಿ-ಕೇಂದ್ರಿತ ಯೋಜನೆಯನ್ನು ಕಡ್ಡಾಯ ಮಾಡಿತು.

ಭಾರತದಲ್ಲಿ ಇಂಥ ಯೋಜನೆಗೆ ಹಣ ಜೋಡಿಸಿದ ಹಕ್ಕಿನ ವ್ಯವಸ್ಥೆ ಇಲ್ಲ. ಆದರೆ ಕೇಳಬೇಕು ಎಂಬ ತತ್ವ ನಮ್ಮ ಕಾನೂನಿಗೂ ಬಂದಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ ಬೆನ್ನಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಿಗೂ ಎಲ್ಲರಂತೆ ಕಾನೂನಿನ ಸಾಮರ್ಥ್ಯ ಇದೆ ಎಂದು ಹೇಳುತ್ತದೆ. ಅದರ 14ನೇ ಸೆಕ್ಷನ್ನಿನ "ಸೀಮಿತ ಪೋಷಕತ್ವ"ದಲ್ಲಿ ಪೋಷಕರು ವ್ಯಕ್ತಿಯೊಡನೆ ಕೂಡಿ, ಅವರ ಇಚ್ಛೆಗೆ ಅನುಗುಣವಾಗಿ, ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ಕೆಲಸ ಮಾಡಬೇಕು. ಇದಕ್ಕಿಂತ ಹಳೆಯದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಮರ್ಥತೆ ಮತ್ತು ಬಹುವಿಧ ಅಸಮರ್ಥತೆ ಇರುವ ವಯಸ್ಕರಿಗೆ ಅದರ ಪ್ರಕಾರ ಜಿಲ್ಲಾಧಿಕಾರಿಯನ್ನು ಒಳಗೊಂಡ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಎರಡು ಕಾಯ್ದೆಗಳ ಧಾಟಿ ಬೇರೆ ಬೇರೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿಪಡಿಸಿಕೊಳ್ಳಬೇಕು. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೂ ತಂದೆ-ತಾಯಿಯೇ ತಾವಾಗಿ ಕಾನೂನಿನ ಪೋಷಕರು ಎಂದು ಬಹಳ ಜನ ಭಾವಿಸಿದ್ದಾರೆ. ಹಾಗಲ್ಲ. 18ಕ್ಕೆ ಅದು ಮುಗಿಯುತ್ತದೆ, ಭಾರತದಲ್ಲೂ ಕ್ಯಾಲಿಫೋರ್ನಿಯಾದಲ್ಲೂ. ಬ್ಯಾಂಕ್ ಖಾತೆ, ಆಸ್ತಿ ಪತ್ರ ಮುಂತಾದವುಗಳಲ್ಲಿ ಇದು ಅಡ್ಡಬಂದಾಗಲೇ ಗೊತ್ತಾಗುವುದು ಹೆಚ್ಚು.

ನಮ್ಮ ಮನೆಯಲ್ಲಿ ಏನು ಮಾಡಬಹುದು?

ನಮ್ಮಲ್ಲಿ ಇಂಥವರಲ್ಲಿ ಬಹುಪಾಲು ಜನ ಇರುವುದು ಸಂಸ್ಥೆಗಳಲ್ಲಲ್ಲ, ಮನೆಯಲ್ಲಿ. ಅಪ್ಪ-ಅಮ್ಮನೇ ಅವರ ಸೇವಾಸಂಸ್ಥೆ. ಅವರಿಗೆ ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಉತ್ತರವೆಂದು ಹಣ ಕೂಡಿಡುತ್ತಾರೆ, ಸೈಟು ಬರೆದಿಡುತ್ತಾರೆ. ಅದು ಬೇಕು. ಆದರೆ ಮಗನಿಗೆ ಹಾಲಿನ ಕೆನೆ ಕಂಡರೆ ವಾಂತಿ ಬರುತ್ತದೆ, ಪಟಾಕಿ ಸದ್ದಿಗೆ ಮಂಚದಡಿ ಸೇರುತ್ತಾನೆ, ಕೆಂಪು ಅಂಗಿ ಇಲ್ಲದಿದ್ದರೆ ಹೊರಗೆ ಬರುವುದಿಲ್ಲ ಎಂಬುದು ಯಾವ ವಿಲ್ಲಿನಲ್ಲೂ ಇರುವುದಿಲ್ಲ.

ಇದಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಜನರಿಗೆ ಅವನಲ್ಲಿ ಇಷ್ಟವಾಗುವುದೇನು ಎಂದು ಬರೆಯಿರಿ. ಕಾಯಿಲೆಯ ಹೆಸರು ಅಲ್ಲಿ ಬೇಡ, ಅದಕ್ಕೆ ಹಿಂದಿನ ಪುಟಗಳಿವೆ. ಆಮೇಲೆ ಆ ಎರಡು ಪಟ್ಟಿಗಳು. ಒಳ್ಳೆಯ ದಿನ ಹೇಗಿರುತ್ತದೆ, ಕೆಟ್ಟ ದಿನ ಹೇಗಿರುತ್ತದೆ ಎಂದು ಬೆಳಗ್ಗೆಯಿಂದ ರಾತ್ರಿಯವರೆಗೆ. ನಾಲ್ಕು ಕಾಲಮ್ಮಿನ ಹಾಳೆ. ಮಾತ್ರೆಗಳ ಹೆಸರು, ಪ್ರಮಾಣ, ಅಲರ್ಜಿ, ನುಂಗಲು ಕಷ್ಟವಿದ್ದರೆ ಆಹಾರ ಹೇಗಿರಬೇಕು. ಅವನ ಬದುಕಿನಲ್ಲಿ ಯಾರು ಯಾರು ಇದ್ದಾರೆ ಎಂಬ ಪಟ್ಟಿಯನ್ನೂ ಮಾಡಿ. ಮನೆಯವರು ಮತ್ತು ಸಂಬಳ ಪಡೆಯುವವರನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಎಷ್ಟು ಹೆಸರು ಉಳಿಯುತ್ತದೆ ನೋಡಿ. ಒಂದೂ ಉಳಿಯದಿದ್ದರೆ ಮುಂದಿನ ಆರು ತಿಂಗಳ ಕೆಲಸ ಏನೆಂದು ತಾನೇ ಗೊತ್ತಾಗುತ್ತದೆ.

ಬರೆಯುವಾಗ ಅವನು ಜೊತೆಗೆ ಕೂತಿರಲಿ. ಫೋಟೋ ಅಂಟಿಸಬಹುದು, ಎರಡು ಬಟ್ಟೆ ಮುಂದಿಟ್ಟು ಯಾವುದು ಎಂದು ಕೇಳಬಹುದು. ಕೆಲವರು ಕೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಾರೆ. ಜೀವನವಿಡೀ ಒಪ್ಪಿಕೊಂಡೇ ಅಭ್ಯಾಸವಾದವರಲ್ಲಿ ಇದು ಸಾಮಾನ್ಯ. ಆದ್ದರಿಂದ ಅದೇ ಪ್ರಶ್ನೆಯನ್ನು ಇನ್ನೊಂದು ದಿನ ತಿರುವಿ ಕೇಳಿ. "ಅಣ್ಣನ ಮನೇಲಿ ಇರ್ತೀಯಾ?" ಎಂದು ಕೇಳಿ ಬಂದ ಹೂಂಗುಟ್ಟುವಿಕೆಗಿಂತ ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದಾಗಿನ ಅವನ ಮುಖ ಹೆಚ್ಚು ಹೇಳುತ್ತದೆ. ಅಣ್ಣನ ಮತ್ತು ಅತ್ತಿಗೆಯ ಮುಖವೂ ಅಷ್ಟೇ ಹೇಳುತ್ತದೆ, ಅದನ್ನೂ ನೋಡಿ.

ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ಆಸುಪಾಸಿನಲ್ಲಿ, ಅವನ ಜೊತೆ ಕೂತು ನೋಟ್‌ಬುಕ್ ತಿದ್ದಿ. ಒಂದು ಪ್ರತಿ ಮನೆಯಲ್ಲಿರಲಿ. ಇನ್ನೊಂದು ಅವನು ಯಾರ ಮನೆಗೆ ಹೋಗುವ ಸಾಧ್ಯತೆ ಇದೆಯೋ ಅವರ ಬಳಿ ಇರಲಿ. ಕೊಡುವ ಮುಂಚೆ ಅದರಲ್ಲಿ ಯಾವ ಪುಟ ಯಾರಿಗೆ ತೋರಿಸಬಹುದು ಎಂದು ಅವನನ್ನೇ ಕೇಳಿ.